ಕೊಳೆಯದ ಸರಕು

"ಕೈ ಕೊಡಿ ಅಕ್ಕಾ," ಎಂದು ಚನ್ನರಾಯಪ್ಪ ಹೆಗಲ ಟವೆಲು ತೆಗೆದು ಬಲಗೈ ಮೇಲೆ ಹೊದಿಸಿಕೊಂಡ.

ಶ್ರೀನಿವಾಸಪುರದ ಮಾವಿನ ಮಂಡಿ ಸಾಹುಕಾರ ರಾಯಲ್ಪಾಡಿನ ಈ ಶೀಟಿನ ಮನೆಯ ಜಗಲಿಯಲ್ಲಿ ಕೂತಿದ್ದು ಇದೇ ಮೊದಲು. ಗಂಗರತ್ನಮ್ಮನಿಗೆ ಒಳಗೊಳಗೇ ನಗು. ಕಾರ್ಯವಾಸಿ ಕತ್ತೆ ಕಾಲು ಹಿಡಿ ಅನ್ನುತ್ತಾರೆ. ಈ ಸಲ ಕತ್ತೆ ತಾನೇ ಎಂಬುದೂ ಅವಳಿಗೆ ಗೊತ್ತಿತ್ತು. ಅವಳು ಟವೆಲಿನಡಿ ಕೈ ಇಟ್ಟಳು. ಮಂಡಿಯಲ್ಲಿ ದರ ಕೂಗುವುದಿಲ್ಲ, ಬೆರಳು ಹಿಚುಕಿ ಹೇಳುತ್ತಾರೆ. ಅವನು ನಾಲ್ಕು ಬೆರಳು ಹಿಡಿದ.

"ಒಂದು ಟೋಕನ್‌ಗೆ ನಾನೂರು. ಸಂಜೆ ಆರರೊಳಗೆ ಬೆಂಗಳೂರಿನೋರಿಗೆ ಐದು ಸಾವಿರ ಟೋಕನ್ ಕಳಿಸ್ತೀನಂತ ಅಡ್ವಾನ್ಸ್ ತಗೊಂಡಿದೀನಿ. ಸಾವಿರ ಕಮ್ಮಿ ಬಿದ್ದೈತೆ. ಅದು ನಿಮ್ಮ ಫೋನಲ್ಲೈತೆ. ಇಲ್ದಿದ್ರೆ ಮಂಡೀನೇ ಬರ್ಕೊಡ್ಬೇಕು!"

ಎರಡು ವರ್ಷದ ಹಿಂದೆ ಅವಳ ಗಂಡ ಪೆದ್ದಪ್ಪ ಕೋಲಾರದ ಆಸ್ಪತ್ರೆಯಲ್ಲಿದ್ದ. ದುಡ್ಡು ತಂದರೆ ಆಪರೇಷನ್ ಎಂದಿದ್ದರು. ಗಂಗರತ್ನಮ್ಮ ಒಂದು ಟೆಂಪೊ ಬಾದಾಮಿ ಮಾವಿನ ಹಣ್ಣು ತಂದು ಬೆಳಗಿನಿಂದ ಇವನ ಮಂಡಿಯಲ್ಲಿ ನಿಂತಿದ್ದಳು. ಕೇಳಿದಾಗೆಲ್ಲ, "ಸಾಯಂತ್ರಂ ಚೂದ್ದಾಂ," ಸಂಜೆ ನೋಡೋಣವೆಂದು ಸಾಗಹಾಕಿದ. ಬಿಸಿಲಿಗೆ ಹಣ್ಣು ಮೆತ್ತಗಾದ ಮೇಲೆ ಬಂದು ಒಂದೇ ಬೆರಳು ಹಿಚುಕಿದ. ಅದರಲ್ಲೂ ಅರ್ಧ ನಗದು. ಉಳಿದರ್ಧಕ್ಕೆ ಅವಳ ಫೋನಿಗೆ ಷೇರಿನ ಹಾಗೆ ಬೆಲೆ ಏರಿಳಿಯುವ ಅದೇನೋ ಡಿಜಿಟಲ್ ಟೋಕನ್ ಸಾವಿರ ಹಾಕಿಸಿ ನಕ್ಕಿದ್ದ. "ಇಟ್ಕೊಳಮ್ಮಾ, ಹಣ್ಣಲ್ಲ ಇದು, ಕೊಳೆಯಲ್ಲ." ಅವಳು ಕೋಲಾರ ಮುಟ್ಟುವಷ್ಟರಲ್ಲಿ ಪೆದ್ದಪ್ಪನ ಮೇಲೆ ಬಿಳಿ ಬಟ್ಟೆ ಹೊದಿಸಿದ್ದರು.

ಹೀಗೇ ಟೋಕನ್ ಸಿಕ್ಕಿದ್ದ ಊರಿನವರೆಲ್ಲ ಅದನ್ನು ಬಂದಷ್ಟಕ್ಕೆ ಮಾರಿಕೊಂಡರು. ಅವಳು ಮಾರಲಿಲ್ಲ. ಹೊಟ್ಟೆಯೊಳಗಿನ ಬೆಂಕಿಯನ್ನು ಯಾರಿಗೆ ಮಾರುವುದು?

ಟವೆಲಿನಡಿ ಚನ್ನರಾಯಪ್ಪ ಈಗ ಐದೂ ಬೆರಳು ಹಿಡಿದು, "ಐನೂರು," ಎಂದ. ಮಗಳು ಶ್ರೀವಾಣಿ ಬಾಗಿಲಲ್ಲಿ ನಿಂತು ತಡೆಯಲಾರದೆ ಅಂದಳು, "ಕೊಟ್ಬಿಡಮ್ಮಾ. ನಾಳೆ ಇದರ ಬೆಲೆ ಸೊನ್ನೆಗಿಳಿದ್ರೆ? ಐದು ಲಕ್ಷ! ಮನೆಗೆ ತಾರಸಿ ಆಗ್ತದೆ."

ಗಂಗರತ್ನಮ್ಮ ತಲೆಯೆತ್ತಿ ಶೀಟಿನ ತೂತುಗಳನ್ನು ನೋಡಿದಳು. ಮಳೆ ಬಂದರೆ ನಾಲ್ಕು ಕಡೆ ಪಾತ್ರೆ ಇಡಬೇಕು. ಆಸೆಯಾಯಿತು, ಇಲ್ಲವೆಂದರೆ ಸುಳ್ಳು. ಆದರೂ ಮೆಲ್ಲಗೆ ಕೈ ಹಿಂದಕ್ಕೆಳೆದುಕೊಂಡಳು.

"ಏನವಸರ ಸಾವ್ಕಾರ್ರೇ? ಸಾಯಂತ್ರಂ ಚೂದ್ದಾಂ."

"ಅಕ್ಕಾ, ಗಂಟೆ ಐದಾಯ್ತು! ತಪ್ಪಾಯ್ತು, ಕಾಲಿಗ್ಬೀಳ್ತೀನಿ."

"ಕೂತ್ಕೊಳಿ. ಅವತ್ತು ನಾನು ಬೆಳಿಗ್ಗೆಯಿಂದ ನಿಂತಿದ್ದೆ, ನಿಮ್ಗೆ ಜಗಲಿಯಾದ್ರೂ ಐತೆ." ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ಇದು ಕೊಳೆಯಲ್ಲ ಅಂತ ನೀವೇ ಹೇಳಿದ್ರಲ್ಲ," ಎಂದಳು.

ಮೊರ ತಂದು ಅವನೆದುರೇ ಅಕ್ಕಿ ಆರಿಸತೊಡಗಿದಳು. ಒಂದೊಂದೇ ಕಲ್ಲು ತೆಗೆದು ಅಂಗಳಕ್ಕೆ ಎಸೆದಳು. ಗೌನಿಪಲ್ಲಿ ಕಡೆಯಿಂದ ಬರುವ ಆರು ಗಂಟೆಯ ಬಸ್ಸು ಬೀದಿಯಲ್ಲಿ ಹಾರನ್ ಹೊಡೆದು ಮುಂದೆ ಹೋಯಿತು. ಟವೆಲಿನಡಿ ಚನ್ನರಾಯಪ್ಪನ ಕೈ ಇನ್ನೂ ಚಾಚಿಯೇ ಇತ್ತು.