ಗಟ್ಟಿಯಾಗಿ ಓದುವ ಪೀರಿಯಡ್

ಶಾಲೆಯವರು ನನಗೆ ಕೊಟ್ಟಿದ್ದು ಆಟದ ಸಾಮಾನಿನ ಕೋಣೆ. ಗಾಳಿ ಹೋದ ಚೆಂಡುಗಳ ಮಧ್ಯೆ ಒಂದು ಮೇಜು, ಎರಡು ಕುರ್ಚಿ, ಒಂದು ಕನ್ನಡಿ. ಮಕ್ಕಳ ಉಚ್ಚಾರ, ಉಗ್ಗು ಇಂಥದ್ದನ್ನೆಲ್ಲ ತಿದ್ದುವವಳು ನಾನು; ಅವರ ಬಾಯಲ್ಲಿ 'ಮಾತಿನ ಮಿಸ್'.

ಗುಬ್ಬಿ ನನ್ನ ಬಳಿ ಬಂದದ್ದು ಮೂರನೇ ತರಗತಿಯಲ್ಲಿ. ಅದು ಮನೆಯವರಿಟ್ಟ ಮುದ್ದಿನ ಹೆಸರು, ಶಾಲೆಯಲ್ಲೂ ಅದೇ ಉಳಿಯಿತು. ಮೊದಲಕ್ಷರಕ್ಕೇ ಗಂಟಲು ಕಟ್ಟಿಬಿಡುತ್ತಿತ್ತು, ಪಾಪ. ವಾರಕ್ಕೆರಡು ಸಲ ಯಾವ ಹೊತ್ತಿಗೆ ಕರೆಯಲಿ ಎಂದಾಗ, ಮೂರನೇ ಮತ್ತು ನಾಲ್ಕನೇ ತರಗತಿ ಎರಡಕ್ಕೂ ಇದ್ದ ಕ್ಲಾಸ್ ಮೇಡಂ, "ಲೆಕ್ಕದ ಪೀರಿಯಡ್ ಒಂದು ಬಿಟ್ಟು ಯಾವುದಾದ್ರೂ ತಗೊಳ್ಳಿ" ಎಂದರು. ವಾರಕ್ಕೆ ಎರಡೇ ಸಲ ಇದ್ದ, ಗಟ್ಟಿಯಾಗಿ ಓದಿಸುವ ಪೀರಿಯಡ್ಡನ್ನೇ ಆರಿಸಿಕೊಂಡೆ. ಮಗು ಎಲ್ಲರೆದುರು ನಗೆಪಾಟಲಾಗುವುದು ತಪ್ಪುತ್ತದಲ್ಲ! ಆ ಬುದ್ಧಿವಂತಿಕೆಗೆ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ಎರಡು ವರ್ಷ ಕಳೆಯುವಷ್ಟರಲ್ಲಿ ನನ್ನ ಕೋಣೆಯಲ್ಲಿ ಗುಬ್ಬಿಯದು ಅರಳು ಹುರಿದಂಥ ಮಾತು. ಎಲ್ಲೋ ತಡೆದರೂ ಹೆದರುತ್ತಿರಲಿಲ್ಲ. ಫೈಲಿನಲ್ಲಿ 'ಗುರಿ ಮುಟ್ಟಿದೆ' ಎಂದು ಬರೆದು, ಮೇಡಂಗೆ ಹೇಳಲು ಗುಬ್ಬಿಯ ತರಗತಿಗೆ ಹೋದೆ. ಬಾಗಿಲು ದಾಟಿ ಒಳಗೆ ಕಾಲಿಟ್ಟಿದ್ದು ಅದೇ ಮೊದಲು.

"ನಮ್ಮ ಗುಬ್ಬಿ ಇನ್ನು ನನ್ನ ಹತ್ರ ಬರೋದು ಬೇಡ ಮೇಡಂ. ಚೆನ್ನಾಗಿ ಮಾತಾಡ್ತಾಳೆ."

"ಯಾರು, ಅವಳಾ? ತಮಾಷೆ ಮಾಡ್ಬೇಡಿ. ಅವಳ ದನಿ ಹೇಗಿದೆ ಅಂತಾನೇ ನಂಗೆ ಗೊತ್ತಿಲ್ಲ. ಓದೋಕೆ ಬರಲ್ಲ, ಇದೇ ಕ್ಲಾಸಲ್ಲಿ ಉಳಿಸೋಣ ಅಂತ ಹೆಡ್‌ಮಾಸ್ಟರಿಗೆ ಬರೆದಿದ್ದೂ ಆಯ್ತು."

"ಅಯ್ಯೋ, ನನ್ನ ಕೋಣೇಲಿ ಪುಸ್ತಕಗಟ್ಟಲೆ ಓದಿದಾಳೆ!"

"ನಿಮ್ಮ ಕೋಣೇಲಿ" ಎಂದರು ಮೇಡಂ. "ನಾನು ಓದಿಸೋ ಹೊತ್ತಿಗೆ ಅವಳು ಇಲ್ಲಿದ್ದಿದ್ದು ಯಾವಾಗ?"

ಮುಂದಿನ ಬೆಂಚಿನ ಹುಡುಗಿಯೊಬ್ಬಳು, "ಅವಳಿಗೆ ಮಾತೇ ಬರಲ್ಲ ಮಿಸ್" ಎಂದಳು. ಕುಚೋದ್ಯವಲ್ಲ, ಕನಿಕರ. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

"ತಪ್ಪು ನಂದು ಮೇಡಂ. ಆ ಕಾಗದ ವಾಪಸ್ ತಗೊಳ್ಳಿ."

"ಅವಳು ಇಲ್ಲಿ ಓದ್ಲಿ, ತಗೋತೀನಿ."

ಗಂಟೆ ಹೊಡೆಯಿತು. ಓದಿನ ಹೊತ್ತು. ಗುಬ್ಬಿ ಅಭ್ಯಾಸಬಲದಿಂದ ಎದ್ದು ಬಂದು ನನ್ನ ಕೈ ಹಿಡಿದು, "ಬನ್ನಿ ಮಿಸ್, ಹೋಗೋಣ" ಎಂದು ಪಿಸುಗುಟ್ಟಿದಳು.

"ಇವತ್ತು ಇಲ್ಲೇ ಕಣೇ. ನಾನೂ ಇರ್ತೀನಿ."

"ಇಲ್ಲಿ ಓದಬಾರ್ದು ಅಂತ ತಾನೇ ನೀವು ಕರ್ಕೊಂಡು ಹೋಗ್ತಿದ್ದಿದ್ದು?"

ಎರಡು ವರ್ಷ ನಾನು ಕಲಿಸಿದ್ದರಲ್ಲಿ ಅವಳಿಗೆ ಚೆನ್ನಾಗಿ ನಾಟಿದ್ದು ಇದೇ. "ನಂಗೆ ಗೊತ್ತಾಗ್ಲಿಲ್ಲ ಪುಟ್ಟಾ" ಎಂದೆ.

ಮಕ್ಕಳ ಬೆಂಚಿನಲ್ಲಿ ಮಂಡಿ ಮಡಚಿ ಅವಳ ಪಕ್ಕ ಕೂತೆ. ಒಟ್ಟಿಗೆ ಓದಿದೆವು. ಎರಡನೇ ಸಾಲಿಗೆ ನಾನು ದನಿ ತಗ್ಗಿಸಿದ್ದೇ ತಡ, ಅವಳು ಗಕ್ಕನೆ ಓದು ನಿಲ್ಲಿಸಿ ನನ್ನ ತೋಳು ಹಿಡಿದಳು. ಮತ್ತೆ ದನಿಗೂಡಿಸಿದೆ. ನಾಲ್ಕು ಸಾಲು, ಅಷ್ಟೇ.

ಮೇಡಂ ಕಾಗದದ ಸುದ್ದಿ ಎತ್ತಲಿಲ್ಲ. "ಮುಂದಿನ ಪೀರಿಯಡ್ಡಿಗೆ ಐದನೇ ಸಾಲಿಂದ. ನೀವೂ ಬನ್ನಿ" ಎಂದರು.