ಅತಿಥಿಯ ನಾಯಿ

"ಎದೆ ಸೆಟೆಸ್ಕೊಂಡು ನಿಲ್ಬೇಡ್ವೋ ಬೋಳಿಮಗನೆ, ಬಗ್ಗು. ಯಾರ ಮುಂದೆ ನಿಂತಿದೀಯ, ಗೊತ್ತೇನೋ?"

"ಅದೇ ಗೊತ್ತಾಯ್ತಾ ಇಲ್ಲ ಬುದ್ದಿ," ಎಂದ ಬ್ರೊಕ್ಕ.

ಕುಚೋದ್ಯಕ್ಕೆ ಹೇಳಿದ ಮಾತಲ್ಲ ಅದು. ಅವನ ಮುಂದೆ ಇಬ್ಬರು ನಿಂತಿದ್ದರು. ಬೈಯುತ್ತಿದ್ದವನು ಧಣಿ ಪ್ರೊಕುಲಸ್. ರೋನ್ ಹೊಳೆಯ ದಂಡೆಯ ಈ ದ್ರಾಕ್ಷಿತೋಟ ಏಳು ತಲೆಮಾರಿನಿಂದ ಅವನ ಮನೆತನದ್ದು. ಬ್ರೊಕ್ಕನ ಮನೆತನ ಅಷ್ಟೇ ತಲೆಮಾರಿನಿಂದ ಆ ಮಣ್ಣಿಗೆ ಕಟ್ಟುಬಿದ್ದ ಒಕ್ಕಲು. ಪಕ್ಕದಲ್ಲಿ ತಲೆಗೆ ಹಳಸಿದ ಬೆಣ್ಣೆ ಬಳಿದುಕೊಂಡು ನಿಂತಿದ್ದವನು ಅನ್ಸೆಮುಂಡ್. ಅವನು ಅತಿಥಿ. ಚಕ್ರವರ್ತಿ ರೋಮಿನಲ್ಲಿ ಇದ್ದಾನೋ ಇಲ್ಲವೋ ಯಾರೂ ಹೇಳುವವರಿರಲಿಲ್ಲ. ಹೊಸದಾಗಿ ಆಳಲು ಬಂದ ಬರ್ಗಂಡಿಯರ ಅರಸ ತನ್ನ ಕಡೆಯವರನ್ನೆಲ್ಲ ಧಣಿಗಳ ಮನೆಗೆ ಅತಿಥಿಗಳೆಂದು ಕಳಿಸಿದ್ದ. ಅತಿಥಿಗೆ ಮೂರರಲ್ಲಿ ಎರಡು ಪಾಲು ನೆಲ, ಮೂರರಲ್ಲಿ ಒಂದು ಪಾಲು ಆಳು. ಅಂಥ ಅತಿಥಿ ಉಂಡು ಎದ್ದುಹೋಗುವುದಿಲ್ಲ.

ನೆಲ ಹಂಚಲು ಎಳೆದ ಹಗ್ಗ ಬ್ರೊಕ್ಕನ ಗುಡಿಸಲಿನ ನಟ್ಟನಡುವೆ ಹಾದಿತ್ತು. ಒಲೆ ಅತಿಥಿಯ ಕಡೆ, ಹಾಸಿಗೆ ಧಣಿಯ ಕಡೆ. ಗಂಡ ಹೆಂಡತಿ ಯಾರ ಪಾಲೆಂದು ತೀರ್ಮಾನವಾಗಿರಲಿಲ್ಲ. ಕೆಲಸ ಮಾತ್ರ ಇಬ್ಬರೂ ಹೇಳುತ್ತಿದ್ದರು. ಅತಿಥಿಯ ಬೇಟೆನಾಯಿ ಒಲೆಯ ಕಾವಿಗೆ ಬಂದು ಮಲಗುವುದನ್ನು ರೂಢಿ ಮಾಡಿಕೊಂಡಿತು. ಆಗ ಅದು ಅತಿಥಿಯ ನಾಯಿ, ಅತಿಥಿಯ ನೆಲ, ಯಾರದೂ ತಕರಾರಿಲ್ಲ. ಇವತ್ತು ಬೆಳಿಗ್ಗೆ ಅದು ಎರಡು ಹೆಜ್ಜೆ ದಾಟಿ ಹಾಸಿಗೆಯಲ್ಲಿ ಸಿಕ್ಕಿಬಿಟ್ಟಿತು. ಕದ್ದ ನಾಯಿ ಆಯಿತು.

ಅತಿಥಿಯ ಜನರ ಕಾನೂನಿನ ಪ್ರಕಾರ ಬೇಟೆನಾಯಿ ಕದ್ದವನು ಊರ ಮುಂದೆ ಆ ನಾಯಿಯ ತಿಕಕ್ಕೆ ಮುತ್ತಿಡಬೇಕು. ಧಣಿಯ ಕಾನೂನಿನಲ್ಲಿ ಕಳ್ಳ ಒಕ್ಕಲಿಗೆ ಐವತ್ತು ಚಾಟಿಯೇಟು. ಬ್ರೊಕ್ಕನ ಅಣ್ಣ ಎರಡು ವರ್ಷದ ಹಿಂದೆ ಮೂವತ್ತೆಂಟನೇ ಏಟಿಗೆ ಸತ್ತಿದ್ದ. ಕಾನೂನು ಕಾನೂನೇ ಎಂದು ಉಳಿದ ಹನ್ನೆರಡನ್ನು ಹೆಣಕ್ಕೆ ಹೊಡೆದಿದ್ದರು.

"ನನ್ನ ಒಕ್ಕಲು ಕಾಡುಜನರ ನಾಯಿ ತಿಕಕ್ಕೆ ಬಾಯಿ ಇಡೋದೇ? ನಮ್ಮನೆ ಮರ್ಯಾದೆ ಏನಾಗ್ಬೇಕು?" ಎಂದ ಪ್ರೊಕುಲಸ್. "ಏಟು ತಿಂದು ಗೌರವವಾಗಿ ಸಾಯ್ಲಿ."

"ನಾಯಿ ನಂದು, ಕಾನೂನು ನಂದು," ಎಂದ ಅನ್ಸೆಮುಂಡ್. "ಸತ್ತೋನು ನನ್ನ ದ್ರಾಕ್ಷಿ ತುಳೀತಾನಾ? ಮುತ್ತಿಡ್ಲಿ."

ದ್ರಾಕ್ಷಿ ತುಳಿಯುತ್ತಿದ್ದ ನಲವತ್ತು ಆಳುಗಳನ್ನು ಶಿಕ್ಷೆ ನೋಡಲೆಂದೇ ತೊಟ್ಟಿಯಿಂದ ಎಬ್ಬಿಸಿ ತಂದು ನಿಲ್ಲಿಸಿದ್ದರು. ಮೊಣಕಾಲವರೆಗೆ ಕೆಂಪಾಗಿದ್ದ ಆ ಗುಂಪಿನಿಂದ ಬ್ರೊಕ್ಕನ ಹೆಂಡತಿ ಲಿಟ್ಟಾ ಮುಂದೆ ಬಂದಳು.

"ಮುತ್ತಿಟ್ಬುಡು ಮಾರಾಯ. ನಂಗೆ ಇಟ್ಟು ಹತ್ತೊರ್ಸ ಆಯ್ತು, ಅಭ್ಯಾಸ ತಪ್ಪೋಗಿರ್ತದೆ, ಪರವಾಗಿಲ್ಲ."

"ಜನ ನಗ್ತಾರೆ ಕಣೇ."

"ನಗ್ಲಿ ಬುಡು. ನಿಮ್ಮಣ್ಣನ ಹೆಣ ನೋಡಿ ಯಾರೂ ನಗ್ನಿಲ್ಲ, ಅದ್ರಿಂದ ಏನ್ ಬಂತು? ಬೆನ್ನು ಹೋದ್ರೆ ಎಲ್ಲಿಂದ ತರಾದು?"

ಬ್ರೊಕ್ಕನಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಆದರೂ ಬೆನ್ನು ತನ್ನದು. "ನಾನು ಅತಿಥಿ ಕಡೇನೇ ಬುದ್ದಿ. ಮುತ್ತಿಡ್ತೀನಿ," ಎಂದ.

"ನಿನ್ನ ಕೇಳ್ದೋರು ಯಾರೋ ಮುಂಡೇದೆ?" ಎಂದರು ಇಬ್ಬರೂ ಒಟ್ಟಿಗೆ.

ಆಗ ಅಂಜೂರದ ಮರದ ನೆರಳಿನಲ್ಲಿ ಕೂತಿದ್ದ ಪಾದ್ರಿ ಬೆರಳು ನೆಕ್ಕಿಕೊಂಡು ಎದ್ದ. "ಜಗಳ ಯಾಕಪ್ಪಾ? ದೇವರ ಮುಂದೆ ನೀವಿಬ್ಬರೂ ಸಮ. ಆಳು ಅರ್ಧ ಇವರದು, ಅರ್ಧ ಅವರದು. ಮೊದಲು ಮುತ್ತು, ಆಮೇಲೆ ಐವತ್ತು ಏಟು. ಮುತ್ತಿಡೋವಾಗ ನಾಯಿ ಮೇಲೆ ಇಬ್ಬರದೂ ಕೈ ಇರ್ಬೇಕು. ಮುಗಿಯೋಕೆ ಮುಂಚೆ ಕೈ ಬಿಟ್ಟೋರಿಗೆ ಆಳಿನಲ್ಲಿ ಪಾಲಿಲ್ಲ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಂಥ ತೀರ್ಪು. ಇಬ್ಬರಿಗೂ ಒಪ್ಪಿಗೆಯಾಯಿತು. ಸಾಯುವವನು ಬ್ರೊಕ್ಕ ಒಬ್ಬನೇ.

ನಾಯಿಯನ್ನು ತಂದರು. ಅದು ಬ್ರೊಕ್ಕನನ್ನು ಕಂಡದ್ದೇ ತಡ ಕುಣಿದು ಅವನ ಮೂತಿ ನೆಕ್ಕಿತು. ಅವನು ಅದರ ಹಿಂಭಾಗಕ್ಕೆ ಹೋದರೆ ಅದೂ ತಿರುಗಿತು. ಮೂರು ಸುತ್ತು ಹೀಗೇ ಆದ ಮೇಲೆ ಅನ್ಸೆಮುಂಡ್ ಅದರ ಕತ್ತನ್ನು ಕಂಕುಳಲ್ಲಿ ಇರುಕಿಕೊಂಡ. ನಾಯಿ ಕುಂಡೆಯೂರಿ ಕೂತುಬಿಟ್ಟಿತು. ಇನ್ನು ಹಿಂಭಾಗ ಎತ್ತಬೇಕಾದವನು ಪ್ರೊಕುಲಸ್. ಅವನು ಬಿಳಿ ನಿಲುವಂಗಿಯನ್ನು ಎತ್ತಿಕಟ್ಟಿ, ಕೆಸರಿನಲ್ಲಿ ಮಂಡಿಯೂರಿ, ಒಂದು ಕೈಯಲ್ಲಿ ಹೊಟ್ಟೆ, ಇನ್ನೊಂದರಲ್ಲಿ ಬಾಲ ಹಿಡಿದು ಎತ್ತಿದ.

"ಬೇಗ ಬಾರೋ ಸೂಳೆಮಗನೆ."

ಬ್ರೊಕ್ಕ ಮಂಡಿಯೂರಿದ. ಬಾಲದ ಪಕ್ಕದಲ್ಲೇ ಧಣಿಯ ಮುಖವಿತ್ತು. ಹುಟ್ಟಿದಾಗಿನಿಂದ ಆ ಮುಖವನ್ನು ಅವನು ಕೆಳಗಿನಿಂದ ಮೇಲಕ್ಕೆ ನೋಡಿದವನು. ಈಗ ಸಮಸಮಕ್ಕೆ ಇತ್ತು. ಮೂಗಿನಲ್ಲಿ ಕೂದಲು, ಹಣೆಯಲ್ಲಿ ಬೆವರು. ಇದಕ್ಕಾ ಇಷ್ಟು ದಿನ ಹೆದರಿದ್ದು ಎಂದು ಅವನಿಗೆ ತನ್ನ ಮೇಲೇ ಸಿಟ್ಟು ಬಂತು. ಎದ್ದು ನಿಂತ.

"ಹಂಗೇ ಹಿಡ್ಕಂಡಿರಿ ಬುದ್ದಿ. ಬೆಳಿಗ್ಗಿಂದ ಬಾಯಿ ತೊಳ್ದಿಲ್ಲ. ನಿಮ್ಮಂಥ ದೊಡ್ಡೋರು ಮುಟ್ಟಿರೋ ನಾಯಿ, ಗಲೀಜಾದೀತು. ಹೊಳೇಲಿ ತೊಳ್ಕಂಡ್ ಬತ್ತೀನಿ."

ಪಾದ್ರಿ ತಲೆದೂಗಿದ. ಶುಚಿ ಒಳ್ಳೆಯದೇ.

"ಇವ್ನಿಗೆ ಬಾಯಿ ತೊಳ್ಯಾಕೂ ನೆಟ್ಟಗೆ ಬರಾಕಿಲ್ಲ," ಎಂದು ಲಿಟ್ಟಾ ಹಿಂದೆ ಹೊರಟಳು. ಅವಳ ಹಿಂದೆ ಪಕ್ಕದ ಗುಡಿಸಲಿನವರು. ಆಮೇಲೆ ಬುಟ್ಟಿ ಹೊರುವವರು. ಚಾಟಿ ಹಿಡಿದಿದ್ದ ಆಳು ಅತ್ತಿತ್ತ ನೋಡಿ, ಚಾಟಿಯನ್ನು ಪಾದ್ರಿಯ ಕೈಗೆ ಕೊಟ್ಟು, "ಒಸಿ ಹಿಡ್ಕಳಿ ಸ್ವಾಮಿ," ಎಂದು ನಡೆದ.

"ನೀವೆಲ್ಲ ಎಲ್ಲಿಗ್ರೋ?" ಎಂದು ಪ್ರೊಕುಲಸ್ ಅರಚಿದ.

ಕೊನೆಯಲ್ಲಿ ಕುಂಟುತ್ತಿದ್ದ ಮುದುಕಿ ತಿರುಗಿ ನೋಡಿದಳು. "ನಾವೂ ಬಾಯಿ ತೊಳ್ಕಬೇಕು ಬುದ್ದಿ. ಏಳು ತಲೆಮಾರಿಂದ ಮುತ್ತಿಟ್ಕಂಡೇ ಬಂದಿದೀವಿ."

ಹೊಳೆಯಲ್ಲಿ ಪೀಪಾಯಿ ಸಾಗಿಸುವ ಎರಡು ದೋಣಿ ಇದ್ದವು. ಆಚೆ ದಡದಲ್ಲಿ ಕಾಡು. ಅತಿಥಿಯ ಸವಾರರು ಅರಸನ ಯುದ್ಧಕ್ಕೆ ಹೋಗಿ ತಿಂಗಳಾಗಿತ್ತು. ಹುಟ್ಟು ನೀರಿಗೆ ಬೀಳುವ ಸದ್ದು ಕೇಳಿಸಿತು.

"ಓಡಿಹೋಗ್ತಿದಾರೆ, ಹಿಡಿ ಹೋಗು," ಎಂದ ಅನ್ಸೆಮುಂಡ್.

"ನೀನು ಹೋಗು."

"ನೀನು ಮೊದ್ಲು ಕೈ ಬಿಡು."

"ನಾನ್ಯಾಕೆ ಬಿಡ್ಲಿ? ಅರ್ಧ ಆಳು ನಂದು."

ಪಾದ್ರಿ ಚಾಟಿ ಹಿಡಿದು ನಿಂತಿದ್ದ. ನಾಯಿ ಹೊಳೆಯ ಕಡೆಗೆ ಮುಖ ಎಳೆಯುತ್ತ ಕುಂಯ್‌ಗುಟ್ಟಿತು. ಇಬ್ಬರೂ ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡರು.