ಕತ್ತರಿ ಕೈಗೆ ಬಂದಾಗ

ಕಟಿಂಗ್ ಮಾಸ್ತರರ ಮೈ ಮನೆಯ ಗೋಡೆಯ ಹಾಗೆ. ಬಿಸಿಲು ಏರಿದರೆ ಕಾಯುತ್ತದೆ, ಇಳಿದ ಮೇಲೂ ಬೇಗ ಆರುವುದಿಲ್ಲ. ಏಣಿಯಿಂದ ಬಿದ್ದು ಕುತ್ತಿಗೆಯ ಮೂಳೆ ಮುರಿದಂದಿನಿಂದ ಕೈಕಾಲುಗಳ ಜೊತೆ ಬೆವರೂ ಅವರ ಮಾತು ಕೇಳುವುದನ್ನು ಬಿಟ್ಟಿತ್ತು. ನೋಡಲು ಬಂದವರೆಲ್ಲ ಕೈಕಾಲು ಹೋಯಿತಲ್ಲಾ ಎಂದು ಲೊಚಗುಟ್ಟಿದರೇ ಹೊರತು ಬೆವರು ಹೋಯಿತಲ್ಲಾ ಎಂದು ಯಾರಾದರೂ ಅತ್ತರೇ? ಅಳಬೇಕಿತ್ತು. ಹೋದ ಬೇಸಿಗೆಯಲ್ಲಿ ಜ್ವರವೇ ಇಲ್ಲದೆ ಮೈ ಕಾದು, ಮಾತು ತೊದಲಿ, ಆಸ್ಪತ್ರೆ ಸೇರಿ, ಅಂತೂ ಇಂತೂ ಬದುಕಿ ಬಂದಿದ್ದರು. "ಇನ್ನೊಂದು ಸಲ ಹೀಗಾದ್ರೆ ತಲೆ ಕೈಕೊಡುತ್ತೆ" ಎಂದು ಡಾಕ್ಟರು ಹೆದರಿಸಿದ್ದರು.

"ಉಳಿದಿರೋದೇ ತಲೆಯೊಂದು, ಅದಕ್ಕೂ ಕಣ್ಣು ಬಿತ್ತಾ?" ಎಂದು ಮಾಸ್ತರರು ನಕ್ಕಿದ್ದರು. ಹೆಂಡತಿ ನಗಲಿಲ್ಲ.

ಅಂದಿನಿಂದ ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿಗೆ ಎರಡು ಕೆಲಸ. ಬಟ್ಟೆಗೆ ಒಂದು ಪುಸ್, ಗಂಡನಿಗೆ ಒಂದು ಪುಸ್. ಹೊಲಿಗೆ ಅಂಗಡಿ ಈಗ ಮನೆಯ ಮುಂದಿನ ಕೋಣೆಗೆ ಬಂದಿತ್ತು. ಮಾಸ್ತರರ ಮಂಚ ಒಳಕೋಣೆಯಲ್ಲಿ, ನಡುವೆ ಒಂದು ಪರದೆ. ಹೆಂಡತಿ ಮೆಷಿನ್ ತುಳಿಯುತ್ತಲೇ ಆಗಾಗ ಕೂಗುತ್ತಿದ್ದಳು.

"ರೀ, ಪೋಸ್ಟ್‌ಮ್ಯಾನ್ ಸೊಂಟ ಎಷ್ಟು?"

"ಮೂವತ್ತೆಂಟು. ಉಸಿರು ಬಿಗಿಹಿಡಿದ್ರೆ ಮೂವತ್ತಾರು. ಮಹಾ ಸುಳ್ಳ ಅವನು!"

ಉತ್ತರ ಸರಿಯಿದ್ದರೆ ತಲೆ ತಣ್ಣಗಿದೆ ಎಂದರ್ಥ. ತಪ್ಪಿದರೆ ಬಾಟಲಿ ಹಿಡಿದು ಓಡಬೇಕು. ಅಲ್ಲ, ನಿದ್ದೆಯಲ್ಲೂ ಅಳತೆ ಗೊಣಗುವ ಮನುಷ್ಯನಿಗೆ ಅಳತೆ ಕೇಳಿ ಎಚ್ಚರ ಪರೀಕ್ಷಿಸುವುದೇ? ಇಂಥ ಬುದ್ಧಿ ದರ್ಜಿಗಳಿಗೇ ಹೊಳೆಯಬೇಕು. ಇದರಲ್ಲಿ ತೂತಿದೆ ಎಂದು ಮಾಸ್ತರರಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಡಲಿಲ್ಲ.

ಯಾಕೆಂದರೆ ಕಾವು ಏರಿದಾಗ ಅವರಿಗೊಂದು ಕನಸು ಬರುತ್ತಿತ್ತು. ಮೊದಲು ಕಿವಿ ಬಿಸಿಯಾಗುತ್ತಿತ್ತು, ನಾಲಿಗೆ ಒಣಗುತ್ತಿತ್ತು. ಆಮೇಲೆ ಸೂರು ಮೆಲ್ಲಗೆ ಮೇಲೇರಿ, ಮಂಚವೇ ಹಳೆಯ ಅಂಗಡಿಯ ಕಟಿಂಗ್ ಟೇಬಲ್ ಆಗುತ್ತಿತ್ತು. ನೀಲಿ ಬಟ್ಟೆಯ ಥಾನು ತಾನಾಗಿ ಉರುಳಿ, ಬಾಗಿಲು ದಾಟಿ, ಬೀದಿಯುದ್ದಕ್ಕೂ ಬಿಚ್ಚಿಕೊಳ್ಳುತ್ತಿತ್ತು. ಕತ್ತರಿಯ ಕಬ್ಬಿಣ ತಣ್ಣಗೆ ಹೆಬ್ಬೆರಳಿಗೆ ತಾಗುತ್ತಿತ್ತು. ತಾಗಿದ್ದು ಗೊತ್ತಾಗುತ್ತಿತ್ತು! ಅಷ್ಟು ಸಾಕಿತ್ತು ಅವರಿಗೆ. ಇನ್ನೊಂದು ಗಳಿಗೆ, ಇನ್ನೊಂದೇ ಗಳಿಗೆ ಎಂದು ಅಲ್ಲೇ ಉಳಿಯುತ್ತಿದ್ದರು.

ಅಂದು ಮಧ್ಯಾಹ್ನ ಕರೆಂಟು ಹೋಯಿತು. ಫ್ಯಾನು ಸುತ್ತಿ ಸುತ್ತಿ ನಿಂತಿತು. ಮುಂದಿನ ಕೋಣೆಯಲ್ಲಿ ಸ್ಕೂಲ್ ಯೂನಿಫಾರ್ಮುಗಳ ರಾಶಿ, ಹೆಂಡತಿಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ.

"ರೀ, ಮದುವೆ ಬ್ಯಾಂಡ್ ಬಾರಿಸೋನ ಭುಜ?"

"ಹತ್ತೊಂಬತ್ತು" ಎಂದರು ಮಾಸ್ತರರು, ನೀಲಿ ಬಟ್ಟೆ ಸವರುತ್ತ. ಮೆಷಿನ್ನು ಮತ್ತೆ ಗಡಗಡ ಎಂದಿತು.

"ಪೋಸ್ಟ್‌ಮ್ಯಾನ್ ಸೊಂಟ?"

"ಮೂವತ್ತೆಂಟು. ತಾಳು, ನಾನೇ ಕತ್ತರಿಸಿ ಕೊಡ್ತೀನಿ."

ಮೆಷಿನ್ನು ಗಕ್ಕನೆ ನಿಂತಿತು. ಪರದೆ ಹರಿದು ಬೀಳುವಂತೆ ನುಗ್ಗಿದಳು ಹೆಂಡತಿ. ಗಂಡನ ಮುಖ ಕೆಂಪಗೆ ಉರಿಯುತ್ತಿತ್ತು, ತುಟಿಯಲ್ಲಿ ನಗು. ಬಾಟಲಿ ಖಾಲಿಯಾಯಿತು, ಬಕೆಟ್ಟು ಬಂತು. ಕುತ್ತಿಗೆಗೆ, ಕಂಕುಳಿಗೆ ಒದ್ದೆ ಬಟ್ಟೆ ಹಾಕಿ, ಥಾನಿನೊಳಗಿನ ರಟ್ಟನ್ನು ಕಿತ್ತು ಒಂದೇ ಸಮನೆ ಬೀಸಿದಳು. ನೀಲಿ ಬಟ್ಟೆ ಸುರುಳಿ ಸುತ್ತಿಕೊಂಡು ಹಿಂದೆ ಸರಿಯಿತು. ಸೂರು ಕೆಳಗಿಳಿದು ತನ್ನ ಜಾಗಕ್ಕೆ ಬಂತು.

"ಯಾಕೇ ಎಬ್ಬಿಸ್ದೆ?" ಮಾಸ್ತರರು ಸಿಡುಕಿದರು. "ಕೈ ಬಂದಿತ್ತು ಕಣೇ! ಕತ್ತರಿ ಹಿಡಿದಿದ್ದೆ."

"ಯಾವಾಗಿಂದ ನಡೀತಿದೆ ಇದು?"

ಮಾಸ್ತರರ ಕಣ್ಣು ಸೂರಿನ ಕಡೆಗೆ ಹೊರಳಿತು. ಇದು ಇವತ್ತಿನದಲ್ಲ ಎಂದು ಅವಳಿಗೆ ಅರ್ಥವಾಯಿತು.

"ನಾನಿದ್ನಾ ಅಲ್ಲಿ?"

ಮಾಸ್ತರರು ನೆನಪಿಸಿಕೊಂಡರು. ಟೇಬಲ್ ಇತ್ತು, ಥಾನು ಇತ್ತು, ಬೀದಿ ಇತ್ತು. ಮೆಷಿನ್ನಿನ ಸದ್ದು ಮಾತ್ರ ಎಲ್ಲೋ ಪಕ್ಕದ ಮನೆಯದರಂತೆ ಕೇಳುತ್ತಿತ್ತು.

"ಇರ್ಲಿಲ್ಲ."

"ಹೂಂ" ಎಂದಳು. ಎಷ್ಟೋ ಹೊತ್ತು ಬೀಸುತ್ತಲೇ ಇದ್ದಳು. ಆಮೇಲೆ, "ಪಕ್ಕದ ಬೀದಿಗೆ ಹೋಗೋರೂ ಹೋಗಿ ಬರ್ತೀನಿ ಅಂತ ಹೇಳಿ ಹೋಗ್ತಾರೆ. ನೀವು ನನಗೊಂದು ಮಾತೂ ಹೇಳ್ದೇ ಹೊರಟಿದ್ರಲ್ರೀ" ಎಂದು ಬಿಕ್ಕಿದಳು. ಮಾಸ್ತರರಿಗೆ ಅವಳ ಕಣ್ಣೊರೆಸಲು ಕೈಯೆತ್ತಬೇಕೆನಿಸಿತು. ಈ ಕೋಣೆಯಲ್ಲಿ ಅದು ಏಳುವುದಿಲ್ಲ.

ಅಂದಿನಿಂದ ಅವಳು ಅಳತೆ ಕೇಳುವುದನ್ನು ಬಿಟ್ಟು, ಪರದೆ ತೆಗೆದು, ಮೆಷಿನ್ನನ್ನು ಮಂಚದ ಕಡೆಗೆ ತಿರುಗಿಸಿಕೊಂಡಳು. ಆದರೂ ಯೂನಿಫಾರ್ಮಿನ ರಾಶಿಯಲ್ಲಿ ಅವಳ ತಲೆ ತಗ್ಗಲೇಬೇಕಲ್ಲ. ಅಂಥದೇ ಒಂದು ಮಧ್ಯಾಹ್ನ ಮಾಸ್ತರರ ಕಿವಿ ಬಿಸಿಯಾಯಿತು, ನಾಲಿಗೆ ಒಣಗಿತು. ನೀಲಿ ಬಟ್ಟೆ ಬೀದಿಯ ಕೊನೆಯವರೆಗೂ ಹಾಸಿಕೊಂಡಿತು. ಕತ್ತರಿ ಬಂದು ಹೆಬ್ಬೆರಳಿಗೆ ಸೇರಿತು, ಹಿಂದೆಂದೂ ಅಷ್ಟು ಸರಿಯಾಗಿ ಕೂತಿರಲಿಲ್ಲ. ಅದರ ಬಾಯಿ ತೆರೆದು ಬಟ್ಟೆ ಕಚ್ಚಿಸುವುದೊಂದೇ ಬಾಕಿ. ದೂರದಲ್ಲಿ ಪಕ್ಕದ ಮನೆಯ ಮೆಷಿನ್ನಿನ ಸದ್ದು. ಮಾಸ್ತರರು ಕಿವಿಗೊಟ್ಟರು. ಪಕ್ಕದ ಮನೆಯದಲ್ಲ, ಅವಳದೇ.

"ಲೇ" ಎಂದು ಕೂಗಿದರು. "ಕತ್ತರಿ ಕೈಗೆ ಬಂತು ಕಣೇ. ನೀರು ತಗೊಂಡು ಬಾ."

ಮೆಷಿನ್ನು ನಿಂತಿತು. ಮಾಸ್ತರರು ಕತ್ತರಿಯನ್ನು ನೀಲಿ ಬಟ್ಟೆಯ ಮೇಲೆ ಮೆಲ್ಲಗೆ ಇಟ್ಟರು.